ಕೋಳಿ ತೂಕಡಿಸುತ್ತಿದೆ, ಯಾವ ಮಾತ್ರೆ ಕೊಡಲಿ?

"ಅಕ್ಕಾ, ಕೋಳಿ ತೂಕಡಿಸ್ತಾ ಇದೆ, ಯಾವ ಮಾತ್ರೆ ಕೊಡ್ಲಿ?"

ವಾರಕ್ಕೆ ಎರಡು ಸಲವಾದರೂ ಈ ಪ್ರಶ್ನೆ ಬರುತ್ತದೆ. ಶಿವರಾತ್ರಿ ಕಳೆದು ಬಿಸಿಲು ಏರಿತು ಅಂದರೆ ದಿನಕ್ಕೆ ಎರಡು ಸಲ. ನಾನು ಡಾಕ್ಟರ್ ಅಲ್ಲ. ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಿತ್ತಲಲ್ಲಿ ಕೋಳಿ ಸಾಕಿಕೊಂಡಿರುವವಳು. 30 ನಾಟಿ, 6 ಗಿರಿರಾಜ ಅನ್ನುವ ಸುಧಾರಿತ ತಳಿಯವು. ನಮ್ಮ ಬೀದಿಯವರು ಅವರ ನೆಂಟರಿಗೆ ಹೇಳಿ, ನೆಂಟರು ಅವರ ಊರಲ್ಲಿ ಹೇಳಿ, ಈಗ ಮುಖ ನೋಡದವರೆಲ್ಲ ಫೋನ್ ಮಾಡುತ್ತಾರೆ. ರಾತ್ರಿ ಹತ್ತೂವರೆಗೆ ಫೋಟೊ ಬರುತ್ತದೆ. ಟಾರ್ಚ್ ಬಿಟ್ಟು ತೆಗೆದದ್ದು. ಮೂಲೆಯಲ್ಲಿ ರೆಕ್ಕೆ ಜೋತುಬಿಟ್ಟು, ಕಣ್ಣು ಮುಚ್ಚಿ ಕೂತ ಒಂದು ಹೇಂಟೆ. ಕೆಳಗೆ ಎರಡೇ ಪದ: ಯಾವ ಮಾತ್ರೆ?

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮಾತ್ರೆ ಇಲ್ಲ. ಬೇಸಿಗೆಯಲ್ಲಿ ಕೋಳಿಗಳು ಒಂದರ ಹಿಂದೆ ಒಂದು ತೂಕಡಿಸಿ, ಹಸಿರು ಬಿಳಿ ಕಲೆಸಿದಂತೆ ಹಿಕ್ಕೆ ಹಾಕಿ, ಬಾಯಿ ತೆರೆದು ಉಸಿರೆಳೆದು, ಕತ್ತು ತಿರುಚಿಕೊಂಡು ಬೀಳುತ್ತಿದ್ದರೆ ಅದು ಹೆಚ್ಚಾಗಿ ಕೊಕ್ಕರೆ ರೋಗ. ಡಾಕ್ಟರುಗಳು ರಾಣಿಖೇತ್ ಅನ್ನುತ್ತಾರೆ. ಅದು ವೈರಸ್ಸಿನಿಂದ ಬರುವ ರೋಗ, ಅದಕ್ಕೆ ಔಷಧಿ ಇಲ್ಲ. ಮೆಡಿಕಲ್ ಶಾಪಿನಿಂದ ತಂದು ನೀರಿಗೆ ಕಲೆಸುವ ಹಳದಿ ಪುಡಿಯಿಂದ ವೈರಸ್ ಸಾಯುವುದಿಲ್ಲ. ನಿಮ್ಮ ಮನೆಯಲ್ಲಿ ಜ್ವರಕ್ಕೆ ಅಂತ ಉಳಿದಿರುವ ಮಾತ್ರೆಯಿಂದಲೂ ಸಾಯುವುದಿಲ್ಲ. ಅರಿಶಿನ, ಬೆಳ್ಳುಳ್ಳಿ, ಮೆಣಸು ಅರೆದು ಉಂಡೆ ಮಾಡಿ ನುಂಗಿಸಿದರೂ ಅಷ್ಟೇ. ನಾನು ಎಲ್ಲವನ್ನೂ ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ಕೋಳಿಗೆ ಬರುವ ಎಲ್ಲ ಕಾಯಿಲೆಗೂ ಔಷಧಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ, ಬೇಗ ಆಸ್ಪತ್ರೆಗೆ ಹೋದರೆ ಔಷಧಿ ಕೊಡುತ್ತಾರೆ, ಉಳಿಯುತ್ತವೆ. ಹೊಟ್ಟೆಹುಳಕ್ಕೆ ಔಷಧಿ ಇದೆ. ಹೇನಿಗೆ ಇದೆ. ಅದಕ್ಕೇ ನಾನು ತಿರುಗಿ ಕೇಳುತ್ತೇನೆ: ಹಿಕ್ಕೆ ಯಾವ ಬಣ್ಣ? ಮರಿಯಾ, ದೊಡ್ಡದಾ? ಹೊಸ ಕೋಳಿ ಏನಾದರೂ ತಂದಿರಾ? ಲಸಿಕೆ ಆಗಿದೆಯಾ? ಇಷ್ಟು ಕೇಳಿದರೆ ಆ ಕಡೆಯವರಿಗೆ ಬೇಸರ. "ಅದೆಲ್ಲ ಬಿಡಿ ಅಕ್ಕ, ಒಂದು ಮಾತ್ರೆ ಹೆಸರು ಹೇಳಿ, ಫೋನ್ ಇಡ್ತೀನಿ." ನನಗೆ ಸಿಟ್ಟು ಬರುವುದು ಇಲ್ಲಿ. ನಾನು ಹೇಳದೆ ಬಚ್ಚಿಟ್ಟುಕೊಂಡಿದ್ದೇನೆ ಅನ್ನುವ ಹಾಗೆ ಕೇಳುತ್ತಾರೆ. ಗೊತ್ತಿದ್ದರೆ ನನ್ನ ಕೋಳಿಗಳನ್ನು ಉಳಿಸಿಕೊಳ್ಳುತ್ತಿರಲಿಲ್ಲವಾ?

ಆರು ವರ್ಷದ ಹಿಂದಿನ ಮಾತು. ಆಗ ನನ್ನ ಹತ್ತಿರ 23 ಕೋಳಿ ಇದ್ದವು. ಯುಗಾದಿಗೆ ಹತ್ತು ದಿನ ಇತ್ತು. ನಮ್ಮ ಕಡೆ ವರ್ಷತೊಡಕು ಅಂದರೆ ಗೊತ್ತಲ್ಲ, ಹಬ್ಬದ ಮಾರನೇ ದಿನ ನಾಟಿ ಕೋಳಿ ಸಾರು ಇಲ್ಲದ ಮನೆ ಇಲ್ಲ. ನಮ್ಮ ಹೇಂಟೆಗಳೆಲ್ಲ ಮೊಟ್ಟೆಗೆ ಬಂದಿದ್ದವು, ಅವನ್ನು ಕೊಯ್ಯುವುದು ಬೇಡ ಅಂತ ಸಂತೆಯಿಂದ ಒಂದು ಕೆಂಪು ಹುಂಜ ತಂದೆವು. ಕಾಲು ಕಟ್ಟಿ ಚೀಲದಲ್ಲಿ ತಂದು, ಪಾಪ ಅಂತ ಹಗ್ಗ ಬಿಚ್ಚಿ ಹಿತ್ತಲಿಗೇ ಬಿಟ್ಟೆ. ಚೆನ್ನಾಗೇ ಇತ್ತು. ಒಂದೇ ತಟ್ಟೆಯಲ್ಲಿ ನೀರು ಕುಡಿಯಿತು, ನಮ್ಮ ಹೇಂಟೆಗಳ ಜೊತೆ ಗೊಬ್ಬರದ ಗುಂಡಿ ಕೆದಕಿತು.

ನಾಲ್ಕನೇ ದಿನ ಬೆಳಗ್ಗೆ ಅದು ಕೂಗಲಿಲ್ಲ. ಐದನೇ ದಿನ ಸತ್ತಿತು. ಸಂತೆಯಲ್ಲಿ ಬಿಸಿಲಿಗೆ ಬಳಲಿತ್ತೇನೋ ಅಂದುಕೊಂಡೆವು. ಹಬ್ಬದ ಹಿಂದಿನ ದಿನ ಎರಡು ಹೇಂಟೆ ತೂಕಡಿಸಿದವು. ಯುಗಾದಿ ಬೆಳಗ್ಗೆ ಬೇವು ಬೆಲ್ಲ ಹಂಚಿ ಹಿತ್ತಲಿಗೆ ಬಂದರೆ ಐದು ಬಿದ್ದಿದ್ದವು. ಒಂದು ಕತ್ತನ್ನು ಹಿಂದಕ್ಕೆ ತಿರುಚಿಕೊಂಡು, ಕೊಕ್ಕು ಆಕಾಶಕ್ಕೆ ಮಾಡಿ, ನಿಂತಲ್ಲೇ ಸುತ್ತುತ್ತಿತ್ತು. ಎದುರು ಹಿಡಿದ ರಾಗಿಯನ್ನು ಕುಕ್ಕಲು ಹೋಗಿ ಗುರಿ ತಪ್ಪಿ ನೆಲ ಕುಕ್ಕುತ್ತಿತ್ತು.

ಅದರಲ್ಲಿ ಒಂದನ್ನು ಇವತ್ತಿಗೂ ಮರೆತಿಲ್ಲ. ಬೂದು ಬಣ್ಣದ ಹೇಂಟೆ, 11 ಮೊಟ್ಟೆ ಇಟ್ಟು ಕಾವಿಗೆ ಕೂರಿಸಿದ್ದೆ. 18ನೇ ದಿನ. ಇನ್ನು ಮೂರು ದಿನ ಕಳೆದಿದ್ದರೆ ಮರಿ ಒಡೆಯಬೇಕು. ಕಾವಿಗೆ ಕೂತ ಕೋಳಿ ಹೇಗೂ ಅಲ್ಲಾಡುವುದಿಲ್ಲ, ಹಾಗಾಗಿ ನಾನು ಗಮನಿಸಲೇ ಇಲ್ಲ. ಸಂಜೆ ನೀರು ಇಡಲು ಹೋಗಿ ಮುಟ್ಟಿದಾಗ ಕತ್ತು ಬುಟ್ಟಿಯ ಅಂಚಿನ ಮೇಲೆ ಜೋತುಬಿದ್ದಿತ್ತು. ಎತ್ತಿದೆ. ಕೆಳಗಿನ ಹುಲ್ಲು ಬೆಚ್ಚಗಿತ್ತು. ಮೊಟ್ಟೆಗಳೂ ಬೆಚ್ಚಗಿದ್ದವು. ಒಂದನ್ನು ಕಿವಿಗೆ ಹಿಡಿದರೆ ಒಳಗೆ ಏನೋ ಮಿಸುಕಿದ ಹಾಗಾಯಿತು. ಅವಕ್ಕೆ ಕಾವು ಕೊಡಲು ಬೇರೆ ಹೇಂಟೆ ಉಳಿದಿರಲಿಲ್ಲ. ಬಲ್ಬ್ ಹಾಕಿ ನೋಡಿದೆ. ರಾತ್ರಿ ಕರೆಂಟ್ ಹೋಯಿತು.

23ರಲ್ಲಿ 2 ಉಳಿದವು.

ಇಷ್ಟು ಆದ ಮೇಲೆ ಪಶು ಆಸ್ಪತ್ರೆಗೆ ಹೋದೆ. ಎಲ್ಲರ ಹಾಗೆ ನಾನೂ ಕೇಳಿದ್ದು ಅದೇ, ಯಾವ ಮಾತ್ರೆ ಕೊಡಬೇಕಿತ್ತು ಸಾರ್ ಅಂತ. ಡಾಕ್ಟರು ಬೈಯಲಿಲ್ಲ. ಕೂರಿಸಿಕೊಂಡು ಹೇಳಿದರು. ಈ ರೋಗವನ್ನು ಮೊದಲು ಗುರುತಿಸಿದ್ದು 1926ರ ಸುಮಾರಿಗೆ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಕಂಡದ್ದಕ್ಕೆ ಅಲ್ಲಿಯ ಹೆಸರು, ನಮ್ಮ ದೇಶದಲ್ಲಿ ಕುಮಾವೂಂ ಬೆಟ್ಟಗಳ ರಾಣಿಖೇತ್‌ನಲ್ಲಿ ಕಂಡದ್ದಕ್ಕೆ ಈ ಹೆಸರು. ಅದೇ ಬೆಟ್ಟಸಾಲಿನ ಮುಕ್ತೇಶ್ವರದಲ್ಲಿ 1940ರ ದಶಕದಲ್ಲಿ ಲಸಿಕೆಯನ್ನೂ ಮಾಡಿದರು. ಈಗಲೂ ದೊಡ್ಡ ಕೋಳಿಗಳಿಗೆ ಹಾಕುವ ಆರ್‌ಟುಬಿ ಲಸಿಕೆ ಅದೇ. ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ಲಸಿಕೆ ತಯಾರಾಗುತ್ತದೆ. ನಮ್ಮ ಊರಿಂದ ಎರಡು ಗಂಟೆ ದಾರಿ! ನನ್ನ ತಾತ ಹುಡುಗನಾಗಿದ್ದಾಗಿನಿಂದ ಇರುವ ಲಸಿಕೆ, ಎರಡು ಗಂಟೆ ದಾರಿಯಲ್ಲಿ ಸಿಗುವ ಲಸಿಕೆ, ನನ್ನ ಹಿತ್ತಲಿಗೆ ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ ಅನ್ನುವುದೇ ನನಗೆ ಮುಖ್ಯ. ನೀವು ಕೇಳಬೇಕಾದ ಪ್ರಶ್ನೆಯೂ ಅದೇ.

ಕಾರಣ ಬಾಟಲಿ. ಲಸಿಕೆ ಬರುವುದು ಫಾರಂನವರ ಲೆಕ್ಕದಲ್ಲಿ. ಚಿಕ್ಕ ಬಾಟಲಿ ಅಂದರೂ 100 ಡೋಸ್ ಇರುತ್ತದೆ. ಮತ್ತೆ ಸಾಕಲು ಶುರುಮಾಡಿದ್ದ ನನ್ನ ಹತ್ತಿರ ಆಗ ಮರಿಗಳೂ ಸೇರಿ 11 ಕೋಳಿ. ಬಾಟಲಿಯೊಳಗೆ ಒಣಗಿದ ಬಿಲ್ಲೆಯ ಹಾಗೆ ಇರುತ್ತದೆ, ಅದಕ್ಕೆ ಕೊಟ್ಟಿರುವ ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನಾಳೆಗೆ ಅಂತ ಫ್ರಿಜ್ಜಿನಲ್ಲಿ ಇಟ್ಟರೆ ಅದು ಬರೀ ನೀರು. ಬೆರೆಸುವ ಮೊದಲೂ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಬಸ್ಸಿನಲ್ಲಿ ಕೈಚೀಲದಲ್ಲಿ ಹಾಕಿಕೊಂಡು ಬಂದರೆ ಊರು ಸೇರುವಷ್ಟರಲ್ಲಿ ಶಕ್ತಿ ಕಳೆದುಕೊಂಡಿರಬಹುದು, ನೋಡುವುದಕ್ಕೆ ಮಾತ್ರ ಏನೂ ಆಗದ ಹಾಗೆ ಕಾಣುತ್ತದೆ. "ಹಾಕಿಸಿದ್ವಿ ಅಕ್ಕ, ಆದ್ರೂ ಸತ್ತೋದ್ವು" ಅನ್ನುವವರಲ್ಲಿ ಎಷ್ಟೋ ಜನರ ಕತೆ ಇದೇ.

ಡಾಕ್ಟರು ಹೇಳಿದ್ದು ಒಂದೇ ಮಾತು. "ಹನ್ನೊಂದು ಕೋಳಿಗೆ ನೂರು ಡೋಸ್ ಒಡೆದ್ರೆ ಉಳಿದದ್ದು ಮೋರಿಗೆ. ನಿಮ್ಮ ಬೀದೀನ ಸೇರಿಸಮ್ಮ, ಎಲ್ರಿಗೂ ಒಂದೇ ದಿನ ಹಾಕೋಣ."

ಬೀದಿ ಸೇರಿಸುವುದು ಸುಲಭ ಇರಲಿಲ್ಲ. ಸೂಜಿ ಚುಚ್ಚಿದರೆ ಮೊಟ್ಟೆ ನಿಲ್ಲುತ್ತದೆ ಅಂದರು. ನಮ್ಮ ಕೋಳಿಗೆ ಏನೂ ಆಗಿಲ್ಲವಲ್ಲ, ಯಾಕೆ ಅಂದರು. ಪಕ್ಕದ ಮನೆ ಅಜ್ಜಿ, 4 ಹೇಂಟೆ ಇಟ್ಟುಕೊಂಡು ಮೊಟ್ಟೆ ಮಾರಿ ಎಲೆ ಅಡಿಕೆ ಖರ್ಚು ನೋಡಿಕೊಳ್ಳುವವರು, ಮೊದಲು ಒಪ್ಪಿದ್ದು ಅವರೇ. "ಹೋದ ಯುಗಾದೀಲಿ ನನ್ನವೂ ಹೋದ್ವಲ್ಲ ಕಣವ್ವಾ" ಅಂದರು. ನನ್ನ ಎದೆ ಧಸಕ್ಕೆಂದಿತು. ನಾನು ತಂದ ಹುಂಜದಿಂದ ಅವರವೂ ಹೋಗಿದ್ದವು. ಅವರು ಒಂದು ದಿನವೂ ಅದನ್ನು ಆಡಿರಲಿಲ್ಲ.

ಮೊದಲ ಸಲ ಸೇರಿದ್ದು 7 ಮನೆ, 94 ಕೋಳಿ. ಈಗ 19 ಮನೆ. ಎರಡು ಬಾಟಲಿ ಬೇಕಾಗುತ್ತದೆ.

ಹೇಗೆ ಮಾಡುತ್ತೇವೆ ಅಂತ ಹೇಳಿಬಿಡುತ್ತೇನೆ, ನಿಮ್ಮ ಬೀದಿಗೂ ಆಗುತ್ತದೆ. ಹಿಂದಿನ ರಾತ್ರಿಯೇ ಎಲ್ಲರೂ ಕೋಳಿಗಳನ್ನು ಕುಕ್ಕೆ ಹಾಕಿ ಮುಚ್ಚಿಡಬೇಕು. ಬೆಳಗ್ಗೆ ಬಿಟ್ಟ ಮೇಲೆ ಹಿಡಿಯುತ್ತೇವೆ ಅಂದರೆ ಊರೆಲ್ಲ ಓಡಬೇಕು, ಅಷ್ಟರಲ್ಲಿ ಬಿಸಿಲು ಬರುತ್ತದೆ. ಲಸಿಕೆಯನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿ ತರುತ್ತೇವೆ. ಬಿಸಿಲೇರುವ ಮೊದಲೇ ಮುಗಿಸುತ್ತೇವೆ. ಯಾರ ಕೋಳಿ ಯಾರದು ಅಂತ ಜಗಳ ಬರದ ಹಾಗೆ ಮನೆಗೊಂದು ಬಣ್ಣದ ದಾರ, ಲಸಿಕೆ ಆದ ಕೋಳಿಯ ಕಾಲಿಗೆ ಸಡಿಲವಾಗಿ ಕಟ್ಟುವುದು.

ಮರಿಗಳಿಗೆ ಸೂಜಿ ಇಲ್ಲ, ಲಸಿಕೆಯೂ ಬೇರೆ. 5ರಿಂದ 7ನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೇ ವಾರ ಮತ್ತೆ ಒಂದು ಹನಿ. ಮರಿಯನ್ನು ಅಂಗೈಯಲ್ಲಿ ಹಿಡಿದು, ತಲೆಯನ್ನು ಎರಡು ಬೆರಳ ನಡುವೆ ಇಟ್ಟು, ಕಣ್ಣು ಮೇಲಕ್ಕೆ ಮಾಡಿ ಹನಿ ಬಿಡಬೇಕು. ಬಿಟ್ಟ ತಕ್ಷಣ ಕೆಳಗಿಡಬಾರದು. ಹನಿ ಕಣ್ಣ ಮೇಲೆ ಮಣಿಯ ಹಾಗೆ ನಿಂತಿರುತ್ತದೆ. ಮರಿ ಒಂದು ಸಲ ರೆಪ್ಪೆ ಬಡಿದು, ಹನಿ ಒಳಗೆ ಇಳಿದು ಹೋದ ಮೇಲೆ ಬಿಡಬೇಕು. ಆ ಎರಡು ಸೆಕೆಂಡ್ ಕಾಯದೆ ಬಿಟ್ಟರೆ ಮರಿ ತಲೆ ಒದರುತ್ತದೆ, ಹನಿ ನಿಮ್ಮ ಸೀರೆ ಮೇಲೆ. ಎರಡು ತಿಂಗಳು ದಾಟಿದ ಮೇಲೆ ರೆಕ್ಕೆಯ ಕೆಳಗೆ ಆರ್‌ಟುಬಿ, ಅದನ್ನು ಆಸ್ಪತ್ರೆಯವರೇ ಹಾಕುತ್ತಾರೆ. ಅದು ಜೋರಿನ ಲಸಿಕೆ, ಎಳೆ ಮರಿಗೆ ಆಗುವುದಿಲ್ಲ. ಮೊಟ್ಟೆ ಕೆಲವು ದಿನ ಕಡಿಮೆಯಾದರೂ ಆಗಬಹುದು, ಆಮೇಲೆ ಸರಿಹೋಗುತ್ತದೆ. ಮೊದಲೇ ತೂಕಡಿಸುತ್ತಿರುವ ಕೋಳಿಗೆ ಮಾತ್ರ ಹಾಕಿಸಬೇಡಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನುತ್ತಾರಲ್ಲ, ಅದೇ ಆಗುತ್ತದೆ.

ಲಸಿಕೆಗೆ ಸೇರಿದ ಬೀದಿ ಆಮೇಲೆ ಬೇರೆ ಕೆಲಸಕ್ಕೂ ಸೇರಿತು. 50 ಕೆಜಿ ಫೀಡ್ ಮೂಟೆ ಒಬ್ಬರೇ ತಂದರೆ ಮಳೆಗಾಲದಲ್ಲಿ ಅರ್ಧಕ್ಕೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದದ್ದನ್ನು ತಿಂದರೆ ಕೋಳಿಗೆ ವಿಷ. ಮೂರು ಮನೆ ಹಂಚಿಕೊಂಡರೆ ಆ ಚಿಂತೆ ಇಲ್ಲ. ಗಿರಿರಾಜಗಳು ಕಾವಿಗೆ ಕೂರುವುದು ಅಪರೂಪ, ಅವುಗಳ ಮೊಟ್ಟೆಯನ್ನು ಪಕ್ಕದವರ ನಾಟಿ ಹೇಂಟೆಯ ಕೆಳಗೆ ಇಡುತ್ತೇವೆ, ಒಡೆದ ಮರಿಯಲ್ಲಿ ಅರ್ಧ ಅವರಿಗೆ. ಹೊಸ ಕೋಳಿ ತಂದವರು ಎರಡು ಮೂರು ವಾರ ಬೇರೆ ಕಟ್ಟಿ ಹಾಕುತ್ತಾರೆ, ಅದರ ನೀರಿನ ತಟ್ಟೆಯೂ ಬೇರೆ. ಸಂತೆಯಲ್ಲಿ ಉಳಿದ ಕೋಳಿ ಮನೆಗೆ ವಾಪಸ್ ಬಂದರೆ ಅದಕ್ಕೂ ಅದೇ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಕೋಳಿ ತೂಕಡಿಸಿದ ತಕ್ಷಣ ಸಂತೆಗೆ ಒಯ್ದು ಅರ್ಧ ರೇಟಿಗೆ ಮಾರುವವರು ಇದ್ದಾರೆ. ದುಡ್ಡು ಹೋಯಿತಲ್ಲ ಅನ್ನುವ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಅದು ಇನ್ನೊಬ್ಬರ ಹಿತ್ತಲಿಗೆ ಕೈಯಾರೆ ರೋಗ ಹಂಚಿದ ಹಾಗೆ. ಸತ್ತದ್ದನ್ನು ಕೆರೆಗೆ, ತಿಪ್ಪೆಗೆ ಎಸೆಯುವುದೂ ಅಷ್ಟೇ, ನಾಯಿ ಎಳೆದುಕೊಂಡು ನಾಲ್ಕು ಬೀದಿ ಸುತ್ತುತ್ತದೆ. ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ಒಂದೇ ಸಲ ಜಾಸ್ತಿ ಸತ್ತರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. 2025ರ ಶುರುವಿನಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಹಕ್ಕಿಜ್ವರ ಬಂದಿತ್ತು. ಕೊಕ್ಕರೆ ರೋಗವೋ ಹಕ್ಕಿಜ್ವರವೋ ಅಂತ ಕಣ್ಣಲ್ಲಿ ನೋಡಿ ನಾನೂ ಹೇಳಲಾರೆ, ನೀವೂ ಹೇಳಲಾರಿರಿ. ಲ್ಯಾಬಿನಲ್ಲೇ ಗೊತ್ತಾಗಬೇಕು.

ಹಾಗಾಗಿ ರಾತ್ರಿ ಹತ್ತೂವರೆಗೆ ಫೋಟೊ ಕಳಿಸುವ ಬದಲು, ಕೋಳಿ ಚೆನ್ನಾಗಿ ಓಡಾಡಿಕೊಂಡಿರುವಾಗ ಹಗಲು ಹೊತ್ತಿನಲ್ಲಿ ಫೋನ್ ಮಾಡಿ, "ಅಕ್ಕಾ, ಮುಂದಿನ ಲಸಿಕೆ ಯಾವತ್ತು, ನಮ್ಮವೂ ಆರು ಇವೆ, ತರ್ಲಾ?" ಅಂತ ಕೇಳಿ. ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ. ಹತ್ತಿರದವರಾದರೆ ಇಲ್ಲಿಗೇ ಬನ್ನಿ, ದೂರದವರಾದರೆ ನಿಮ್ಮ ಬೀದಿಯಲ್ಲಿ ಹೇಗೆ ಶುರುಮಾಡಬೇಕು ಅಂತ ಹೇಳುತ್ತೇನೆ.

ಮುಂದಿನದು ಬರುವ ತಿಂಗಳ ಎರಡನೇ ಭಾನುವಾರ, ಬೆಳಗ್ಗೆ ಐದೂವರೆಗೆ, ನಮ್ಮ ಮನೆ ಜಗಲಿ ಮೇಲೆ. ಶನಿವಾರ ರಾತ್ರಿಯೇ ಕುಕ್ಕೆ ಮುಚ್ಚಿಡಿ. ದಾರ ನೀವೇ ತನ್ನಿ. ಕೆಂಪು ಬೇಡ, ಕೆಂಪು ಅಜ್ಜಿಯದು.