ಹಾಡಿನ ಪುಸ್ತಕ, ಪ್ಲೇಟು, ಕ್ಯಾಸೆಟ್ಟು: ಮಲೆನಾಡಿನಲ್ಲಿ ಹಳೆಯದನ್ನು ಕೂಡಿಡುವ ಬಗೆ

ಹಳೆಯ ಸಿನಿಮಾ ಹಾಡಿನ ಪುಸ್ತಕ, ಗ್ರಾಮಾಫೋನ್ ಪ್ಲೇಟು, ಆಟಗಾರರ ಹಸ್ತಾಕ್ಷರ ಇವುಗಳನ್ನು ಕೊಂಡು ಮಾರುವವರ ಲೋಕದಲ್ಲಿ ವಸ್ತು ಎಷ್ಟು ಹೊಸದಾಗಿ ಕಾಣುತ್ತದೆಯೋ ಅದಕ್ಕೆ ಅಷ್ಟು ಬೆಲೆ. ಹೊದಿಕೆಯ ಮೇಲೆ ಯಾರೋ ತಮ್ಮ ಹೆಸರು ಬರೆದುಕೊಂಡಿದ್ದರೆ, ಟಾಕೀಸಿನ ರಬ್ಬರ್ ಮೊಹರು ಬಿದ್ದಿದ್ದರೆ, ಹಾಡಿನ ಪಕ್ಕದಲ್ಲಿ ಪೆನ್ಸಿಲಿನಿಂದ ರಾಗದ ಹೆಸರು ಗೀಚಿದ್ದರೆ ವ್ಯಾಪಾರಿ ಮುಖ ಸಿಂಡರಿಸಿ ಬೆಲೆ ಇಳಿಸುತ್ತಾನೆ. ಶಿವಮೊಗ್ಗದಲ್ಲಿದ್ದುಕೊಂಡು ಇದೇ ಹವ್ಯಾಸವನ್ನು ನಡೆಸಿಕೊಂಡು ಬಂದಿರುವ ನನಗೆ ಈ ಲೆಕ್ಕಾಚಾರ ಎಂದೂ ಸರಿಬಂದಿಲ್ಲ. ತಾರೆಯ ಮುಖ ಅಚ್ಚಾದ ಪ್ರತಿಗಳು ಸಾವಿರಗಟ್ಟಲೆ ಇದ್ದವು. ಅದನ್ನು ಕೊಂಡವರು ಯಾವ ಊರಿನವರು, ಯಾವ ವರ್ಷ, ಎಲ್ಲಿ ಕುಳಿತು ನೋಡಿದರು ಎಂಬುದು ಕೈಯಲ್ಲಿರುವ ಆ ಒಂದೇ ಪ್ರತಿಯಲ್ಲಿದೆ. ಆದ್ದರಿಂದ ನಾನು ಕೂಡಿಡುವುದು ಬಹುಮಟ್ಟಿಗೆ ಬೇರೆಯವರು ಬೇಡವೆಂದ, ಗುರುತು ಬಿದ್ದ ಪ್ರತಿಗಳನ್ನೇ.

ಹಾಡಿನ ಪುಸ್ತಕ ಎಂದರೆ ಇಂದಿನ ಹುಡುಗರಿಗೆ ವಿವರಿಸಬೇಕಾಗುತ್ತದೆ. ಟಾಕೀಸಿನ ಬಾಗಿಲಲ್ಲಿ ಕಡಲೆಕಾಯಿ, ಸೋಡಾ ಮಾರುವವರ ಜೊತೆಗೇ ಮಾರಾಟವಾಗುತ್ತಿದ್ದ, ಕೆಲವೇ ಹಾಳೆಗಳ, ಅಗ್ಗದ ಕಾಗದದ ಪುಸ್ತಿಕೆಗಳವು. ಪಾತ್ರವರ್ಗ, ತಂತ್ರಜ್ಞರ ಪಟ್ಟಿ, ಎಲ್ಲ ಹಾಡುಗಳ ಸಾಹಿತ್ಯ, ಜೊತೆಗೆ ಅರ್ಧಕ್ಕೇ ನಿಲ್ಲಿಸಿ ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಹೇಳುವ ಕಥಾಸಾರ ಅದರಲ್ಲಿರುತ್ತಿತ್ತು. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನಾ’ದ ಪ್ರತಿ ಇಂದು ನೋಡಲು ಸಿಗುವುದಿಲ್ಲ. ಇಂಥ ಚಿತ್ರಗಳ ವಿಷಯದಲ್ಲಿ ಫಿಲಂ ರೀಲಿಗಿಂತ ಈ ಬಡಕಲು ಕಾಗದವೇ ಹೆಚ್ಚು ದಿನ ಬಾಳಿದೆ. ಯಾವ ಪಾತ್ರವನ್ನು ಯಾರು ಮಾಡಿದರು, ಎಷ್ಟು ಹಾಡುಗಳಿದ್ದವು ಎಂದು ಹೇಳಬಲ್ಲ ಸಾಕ್ಷಿ ಕೆಲವೊಮ್ಮೆ ಇದೊಂದೇ.

ಇವುಗಳಲ್ಲಿ ಅನೇಕವು ಅಚ್ಚಾದ ವರ್ಷವನ್ನು ಹೇಳುವುದಿಲ್ಲ. ಆದರೆ ಕಾಗದ ತಾನಾಗಿ ಬಿಟ್ಟುಕೊಡುವ ಸುಳಿವುಗಳಿವೆ, ಮತ್ತು ಈ ಹವ್ಯಾಸದಲ್ಲಿ ನನಗೆ ಅತ್ಯಂತ ಖುಷಿ ಕೊಡುವ ಕೆಲಸವೆಂದರೆ ಅವನ್ನು ಹಿಡಿಯುವುದು. ಬೆಲೆ ಆಣೆಯಲ್ಲಿದ್ದರೆ ಅದು ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು, ಏಕೆಂದರೆ ದಶಮಾಂಶ ನಾಣ್ಯ ಬಂದದ್ದು ಆಗ. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು, ಬರೀ ‘ಪೈಸೆ’ ಎಂದಿದ್ದರೆ ಅದರ ನಂತರದ್ದು. ಮುದ್ರಣಾಲಯದ ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗುವ ಮೊದಲಿನದೆಂದು ತಿಳಿಯಬಹುದು. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಮುದ್ರಕರು ಹಳೆಯ ಅಚ್ಚುಮೊಳೆಗಳನ್ನೂ ಹಳೆಯ ಬ್ಲಾಕುಗಳನ್ನೂ ವರ್ಷಗಟ್ಟಲೆ ಬಳಸುತ್ತಿದ್ದರಾದ್ದರಿಂದ ಒಂದೇ ಸುಳಿವನ್ನು ನಂಬಿ ಕೂರುವಂತಿಲ್ಲ, ಎರಡು ಮೂರು ಒಂದೇ ಕಡೆಗೆ ಬೆರಳು ತೋರಿಸಬೇಕು. ನೇರಳಾತೀತ ಬೆಳಕಿನ ಪುಟ್ಟ ಟಾರ್ಚು ಇನ್ನೊಂದು ಸಹಾಯಕ. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು ಸುಮಾರು 1950ರ ದಶಕದಿಂದೀಚೆಗೆ. ಹಾಗಾಗಿ ಎರಡನೆಯ ಮಹಾಯುದ್ಧಕ್ಕೂ ಹಿಂದಿನದೆಂದು ಹೇಳಿ ಮಾರುವ ಕರಪತ್ರ ಕತ್ತಲೆಯಲ್ಲಿ ಆ ಟಾರ್ಚಿನಡಿ ನೀಲಿಯಾಗಿ ಮಿನುಗಿದರೆ ಅದು ಆಮೇಲಿನ ಮರುಮುದ್ರಣವೆಂದೇ ಅರ್ಥ.

ಸರಕು ಸಿಗುವುದು ಎಲ್ಲಿ ಎಂದು ಕೇಳುವವರಿಗೆ ನಾನು ಎರಡು ಜಾಗ ಹೇಳುತ್ತೇನೆ: ಗುಜರಿ ಅಂಗಡಿ ಮತ್ತು ಹಳೆಯ ಮನೆಗಳ ಅಟ್ಟ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ನಾಗಂದಿಗೆಯ ಮೇಲಿನ ಟ್ರಂಕುಗಳನ್ನು ಬಿಚ್ಚುವುದು ಮನೆ ಪಾಲಾಗುವಾಗ ಅಥವಾ ಹೆಂಚು ಇಳಿಸಿ ತಾರಸಿ ಹಾಕುವಾಗ ಮಾತ್ರ. ಆ ಹೊತ್ತಿಗೆ ಸುದ್ದಿ ಸಿಕ್ಕಿದರೆ ಸರಿ. ತೀರ್ಥಹಳ್ಳಿ ಬಳಿಯ ಒಂದು ಮನೆಯಲ್ಲಿ ಹಿರಿಯರೊಬ್ಬರು ಹಗ್ಗ ಕಟ್ಟಿದ ಕಟ್ಟನ್ನು ನನ್ನ ಮುಂದಿಟ್ಟು, “ತಗಂಡ್ ಹೋಗಿ ಮಾರಾಯ್ರೆ, ಇಲ್ದಿದ್ರೆ ನಾಳೆ ಬಚ್ಚಲೊಲೆಗೆ ಹೋಗ್ತದೆ” ಎಂದಿದ್ದರು. ದುಡ್ಡು ಕೊಡಲು ಹೋದರೆ ಬೇಡವೆಂದರು. ಬದಲಿಗೆ ಕಾಫಿ ಕುಡಿಯಲು ಕೂರಿಸಿ, ಆ ಕಟ್ಟಿನಲ್ಲಿದ್ದ ನಾಟಕ ಕಂಪನಿಯ ಹ್ಯಾಂಡ್‌ಬಿಲ್ ತಮ್ಮ ಅಣ್ಣ ತಂದದ್ದೆಂದೂ ಗಾಡಿ ಕಟ್ಟಿಕೊಂಡು ಹೋಗಿ ಆಟ ನೋಡಿದ್ದೆಂದೂ ಹೇಳಿದರು. ಆ ಮಾತುಗಳನ್ನು ಅಂದೇ ಒಂದು ಚೀಟಿಯಲ್ಲಿ ಬರೆದು ಹ್ಯಾಂಡ್‌ಬಿಲ್ಲಿನ ಜೊತೆಗೇ ಇಟ್ಟಿದ್ದೇನೆ. ಚೀಟಿಯಿಲ್ಲದಿದ್ದರೆ ಅದು ಇನ್ನೊಂದು ಹಳೆಯ ಕಾಗದವಷ್ಟೆ.

ಗ್ರಾಮಾಫೋನ್ ಪ್ಲೇಟುಗಳ ಬಗ್ಗೆ ಬರೆಯುವವರು ಬಹಳ ಜನರಿದ್ದಾರೆ, ಆದ್ದರಿಂದ ಇಲ್ಲಿಯ ಮಟ್ಟಿಗೆ ಬೇಕಾದಷ್ಟನ್ನೇ ಹೇಳುತ್ತೇನೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳು ಅರಗಿನಿಂದ ಮಾಡಿದವು. ಹತ್ತು ಅಂಗುಲದ ಪ್ಲೇಟಿನ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಸುತ್ತಿತ್ತು. ನಮ್ಮ ದೇಶದಲ್ಲಿ 1970ರ ಆಸುಪಾಸಿನವರೆಗೂ ಇವು ತಯಾರಾಗುತ್ತಿದ್ದುದರಿಂದ ರಾಜ್‌ಕುಮಾರ್ ಅವರ ಆರಂಭದ ಚಿತ್ರಗಳ ಹಾಡುಗಳೂ ಈ ರೂಪದಲ್ಲಿ ಸಿಗುತ್ತವೆ. ಭಾರತದಲ್ಲಿ 1902ರಲ್ಲಿ ಧ್ವನಿಮುದ್ರಣ ಆರಂಭವಾದಾಗ ಹಾಡಿದ ಮೊದಲಿಗರಲ್ಲಿ ಒಬ್ಬರಾದ ಗೌಹರ್ ಜಾನ್ ತೀರಿಕೊಂಡದ್ದು ಮೈಸೂರಿನಲ್ಲಿ, 1930ರಲ್ಲಿ. ಅವರ ಹೆಸರಿನ ಪ್ಲೇಟು ಎಂದರೆ ನಮ್ಮ ರಾಜ್ಯದ ಸಂಗ್ರಾಹಕರು ಈಗಲೂ ಎದ್ದು ಕೂರುತ್ತಾರೆ. ಅರಗಿನ ಪ್ಲೇಟನ್ನು ಸ್ಪಿರಿಟ್ಟಿನಲ್ಲಿ ಒರೆಸಬಾರದು, ಅರಗು ಅದರಲ್ಲಿ ಕರಗುತ್ತದೆ; ಬಟ್ಟಿ ಇಳಿಸಿದ ನೀರಿಗೆ ಎರಡು ಹನಿ ಮೆದು ಸೋಪು ಸೇರಿಸಿ ಒರೆಸಿದರೆ ಸಾಕು, ಅದೂ ನಡುವಿನ ಲೇಬಲ್ಲಿಗೆ ನೀರು ತಾಗದಂತೆ. ಆಮೇಲೆ ಬಂದ ಎಲ್‌ಪಿ ಪ್ಲೇಟುಗಳ ಸಣ್ಣ ಮುಳ್ಳಿನಲ್ಲಿ 78ರ ಪ್ಲೇಟನ್ನು ಹಾಕುವುದೂ ತಪ್ಪು. 78ರ ಗೆರೆ ಸುಮಾರು ಮೂರು ಪಟ್ಟು ಅಗಲವಿರುವುದರಿಂದ ಮುಳ್ಳು ತಳದ ಕಸದಲ್ಲಿ ಹೊರಳಾಡಿ ಬರೀ ಕರಕರ ಸದ್ದು ಬರುತ್ತದೆ.

ಮಲೆನಾಡಿನ ನಿಜವಾದ ಸಂಪತ್ತು ಇರುವುದು ಪ್ಲೇಟಿನಲ್ಲಲ್ಲ, ಕ್ಯಾಸೆಟ್ಟಿನಲ್ಲಿ. ಭಾವಗೀತೆಯ ಕ್ಯಾಸೆಟ್ಟುಗಳಿಗೆ ಇಲ್ಲಿ ಮೊದಲಿನಿಂದಲೂ ಮನ್ನಣೆ ಇತ್ತು. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟಿನ ಕವಿ ನಿಸಾರ್ ಅಹಮದ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದವರು, ಕನ್ನಡ ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದ ಶಿವಮೊಗ್ಗ ಸುಬ್ಬಣ್ಣ ಹೊಸನಗರ ತಾಲೂಕಿನ ನಗರದವರು. ಆದರೂ ನಾನು ಹೇಳಹೊರಟಿರುವುದು ಯಕ್ಷಗಾನದ ಕ್ಯಾಸೆಟ್ಟುಗಳ ವಿಷಯ. ದೀಪಾವಳಿ ಕಳೆದು ಮಳೆ ಹಿಡಿಯುವವರೆಗೆ ಮೇಳಗಳು ಘಟ್ಟ ಹತ್ತಿ ಬರುತ್ತಿದ್ದವು. ಆ ರಾತ್ರಿಗಳಲ್ಲಿ ರಂಗಸ್ಥಳದ ಪಕ್ಕ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕೂತ ಅಭಿಮಾನಿಗಳು ತುಂಬಿಕೊಂಡ ಕ್ಯಾಸೆಟ್ಟುಗಳು ಅಂಗಡಿಯಲ್ಲಿ ಕೊಂಡವುಗಳಂತಲ್ಲ. ಒಂದೊಂದಕ್ಕೂ ಇರುವುದು ಒಂದೇ ಪ್ರತಿ. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಾ ಚಿಕ್ಕ ವಯಸ್ಸಿಗೆ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಪದ್ಯಗಳಿಗಾಗಿ ಜನ ಈಗಲೂ ಹುಡುಕುತ್ತಾರೆ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಆಟಗಳಿಗಾಗಿಯೂ ಹುಡುಕುತ್ತಾರೆ. ಸಿ-90 ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ. ಬೆಳಗಿನವರೆಗೆ ನಡೆಯುವ ಆಟದಲ್ಲಿ ಬದಿ ತಿರುವುವ ಹೊತ್ತಿಗೆ ಒಂದು ಪದ್ಯದ ಕೊನೆ ಜಾರಿ ಹೋಗುತ್ತಿತ್ತು, ಚೆಂಡೆಯ ಅಬ್ಬರಕ್ಕೆ ಮೈಕು ಒಡೆದ ದನಿ ಕೊಡುತ್ತಿತ್ತು, ನಡುವೆ ಮಗು ಅಳುತ್ತಿತ್ತು, ಯಾರೋ ಎಲೆ ಅಡಿಕೆ ಕೇಳುತ್ತಿದ್ದರು. ಶುದ್ಧ ಧ್ವನಿ ಬೇಕೆನ್ನುವವರು ಇವನ್ನು ಮೂಸಿಯೂ ನೋಡುವುದಿಲ್ಲ. ಎಲೆ ಅಡಿಕೆ ಕೇಳಿದ ಆ ದನಿಗಾಗಿಯೇ ನನಗೆ ಇವು ಬೇಕು.

ಇಂಥ ಕ್ಯಾಸೆಟ್ಟು ಕೈಗೆ ಬಂದರೆ ಹಾಡಿಸುವ ಮುನ್ನ ಮಾಡಬೇಕಾದ ಕೆಲಸಗಳಿವೆ. ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಣುಕುಗಳನ್ನು ಮುರಿದು ತೆಗೆದರೆ ಕೈತಪ್ಪಿ ಮತ್ತೆ ರೆಕಾರ್ಡ್ ಆಗಿ ಅಳಿಸಿ ಹೋಗುವ ಭಯವಿಲ್ಲ. ಟೇಪಿನ ಸುರುಳಿಯ ಮೇಲೆ ಬಿಳಿಯ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬಾರದು, ಬೂಷ್ಟು ಯಂತ್ರದಲ್ಲಿ ಟೇಪನ್ನು ಓದುವ ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸ್ಪಂಜಿನ ತುಂಡು ಉದುರಿದ್ದರೆ ಸುರುಳಿಯನ್ನು ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಒಡಲಿಗೆ ವರ್ಗಾಯಿಸಬೇಕು. ಹಳೆಯ ಒಡಲನ್ನು ಮಾತ್ರ ಎಸೆಯಬೇಡಿ. ಅದರ ಲೇಬಲ್ಲಿನ ಮೇಲೆ ಪ್ರಸಂಗದ ಹೆಸರು, ಊರು, ತಾರೀಖು, ಆಟ ಆಡಿಸಿದವರ ಮನೆಯ ಹೆಸರು ಮಸಿಯಲ್ಲಿ ಬರೆದಿರುತ್ತದೆ.

ಕ್ರೀಡೆಯ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯ ದೊಡ್ಡ ಹೆಸರು ಜಿ.ಆರ್. ವಿಶ್ವನಾಥ್. 1949ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಅವರು 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ವಿರುದ್ಧ ಆಡಿದ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137 ಹೊಡೆದರು. ಒಟ್ಟು 91 ಟೆಸ್ಟು, 6080 ರನ್ನು, 14 ಶತಕ. ಅವರ ಆಟ ಬೆಳೆದದ್ದು ಬೆಂಗಳೂರಿನಲ್ಲಿ. ಹಾಗಿದ್ದರೂ ‘ಭದ್ರಾವತಿಯ ಮನೆಯಿಂದ ಬಂದದ್ದು’ ಎಂದು ಹೇಳಿ ಬೆಲೆ ಏರಿಸುವವರಿದ್ದಾರೆ. ಆ ಮಾತಿಗೆ ಆಧಾರ ಕೇಳಿದರೆ ವ್ಯಾಪಾರ ಅಲ್ಲಿಗೇ ಮುಗಿಯುತ್ತದೆ. ಬ್ಯಾಟಿನ ಮೇಲಿನ ಸಹಿಯ ಬಗ್ಗೆಯೂ ಎಚ್ಚರ ಬೇಕು. ಆಟಗಾರರ ಸಹಿಯನ್ನು ಕಾರ್ಖಾನೆಯಲ್ಲೇ ಅಚ್ಚೊತ್ತಿದ ಬ್ಯಾಟುಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು, ಅವು ಹಸ್ತಾಕ್ಷರವಲ್ಲ. ಫೋಟೊ ಮೇಲಿನ ಸಹಿಯಾದರೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು: ಮಸಿಯ ಗೆರೆ ಚಿತ್ರದಂತೆಯೇ ಚುಕ್ಕೆಚುಕ್ಕೆಯಾಗಿ ಕಂಡರೆ ಅದು ಅಚ್ಚು, ನಿಜವಾದ ಗೆರೆ ಮೇಲ್ಮೈ ಮೇಲೆ ಕೂತಿರುತ್ತದೆ, ತಿರುವುಗಳಲ್ಲಿ ದಪ್ಪ ಸಣ್ಣ ಆಗಿರುತ್ತದೆ.

ಸಹಿಗಿಂತ ನನಗೆ ಹೆಚ್ಚು ಬೇಕಾದವು ಆ ಕಾಲದ ಕೈಬರಹದ ಸ್ಕೋರ್ ಪುಸ್ತಕಗಳು. ರಣಜಿ ಟ್ರೋಫಿಯಲ್ಲಿ ನಮ್ಮ ತಂಡ ಮೈಸೂರು ಎಂಬ ಹೆಸರು ಬಿಟ್ಟು ಕರ್ನಾಟಕವಾಗಿ ಆಡಿದ ಮೊದಲ ಸಾಲು 1973-74. ಸತತ ಹದಿನೈದು ವರ್ಷ ಗೆದ್ದಿದ್ದ ಮುಂಬಯಿಯನ್ನು ಸೆಮಿಫೈನಲ್ಲಿನಲ್ಲಿ ಹಿಂದಿಕ್ಕಿ ಪ್ರಸನ್ನ ಅವರ ನಾಯಕತ್ವದಲ್ಲಿ ಟ್ರೋಫಿ ಎತ್ತಿದ್ದೂ ಅದೇ ಸಾಲಿನಲ್ಲಿ. ರೇಡಿಯೊ ವೀಕ್ಷಕ ವಿವರಣೆ ಕೇಳುತ್ತಾ ಶಾಲೆಯ ನೋಟ್‌ಬುಕ್ಕಿನಲ್ಲಿ ಎಸೆತ ಎಸೆತಕ್ಕೂ ಲೆಕ್ಕ ಬರೆದಿಟ್ಟ ಹುಡುಗರು ಇಲ್ಲಿಯೂ ಇದ್ದರು. ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಅಂಥ ಒಂದು ಲೆಕ್ಕ ನನಗೆ ಗುಜರಿ ಅಂಗಡಿಯಲ್ಲಿ ತೂಕದ ಬೆಲೆಗೆ ಸಿಕ್ಕಿದೆ. ಅದರಲ್ಲಿ ಕರೆಂಟು ಹೋದ ಓವರುಗಳೂ ಖಾಲಿಯಾಗಿ ನಮೂದಾಗಿವೆ.

ಇನ್ನು ಮಳೆಯ ಮಾತು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆಯಾದರೂ ಆಷಾಢದ ಥಂಡಿ ತಪ್ಪಿದ್ದಲ್ಲ. ಗಾಳಿಯ ತೇವ ಶೇಕಡಾ 65 ದಾಟಿ ಹಾಗೆಯೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಅಗ್ಗದ ಕಾಗದಕ್ಕೆ ಅದರೊಳಗೇ ಇನ್ನೊಂದು ಶತ್ರುವಿದೆ. ಮರದ ತಿರುಳಿನ ಲಿಗ್ನಿನ್ ಮತ್ತು ತಯಾರಿಕೆಯಲ್ಲಿ ಬೆರೆಸುತ್ತಿದ್ದ ಪಟಿಕ ಸೇರಿ ಆಮ್ಲವಾಗಿ ಹಾಳೆಯನ್ನು ಹಳದಿ ಮಾಡಿ, ಕೊನೆಗೆ ಹಪ್ಪಳದಂತೆ ಮುರಿಯುವ ಸ್ಥಿತಿಗೆ ತರುತ್ತವೆ. ಮಗ್ಗುಲ ಭದ್ರಾವತಿಯಲ್ಲೇ 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪಿಸಿಕೊಂಡ ಜಿಲ್ಲೆಯವರು ನಾವು, ಕಾಗದ ಉಳಿಸುವ ವಿದ್ಯೆಯನ್ನು ಮಾತ್ರ ಅಷ್ಟಾಗಿ ಕಲಿಯಲಿಲ್ಲ. ಹಿಂದಿನವರು ಹೊಗೆಯಟ್ಟದಲ್ಲಿ ಇಟ್ಟು, ಬಜೆ ಬೇರು ಸೇರಿಸಿ ಹುಳ ತಡೆದರು. ಅದರಿಂದ ಕಾಗದ ಉಳಿದರೂ ಮಸಿ ಹಿಡಿಯಿತು. ನಾನು ಮಾಡುವುದಿಷ್ಟೆ: ಆಮ್ಲರಹಿತ ಕಾಗದದ ಲಕೋಟೆ, ಮುಚ್ಚಳ ಬಿಗಿಯಾದ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣ, ಅದರ ಬಣ್ಣ ತಿರುಗಿದಾಗ ಮತ್ತೆ ಕಾಯಿಸಿ ಒಣಗಿಸುವುದು. ಹುಳ ಬಿದ್ದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕೆಲವು ವಾರ ಫ್ರೀಜರಿನಲ್ಲಿಟ್ಟರೆ ಹುಳವೂ ಮೊಟ್ಟೆಯೂ ಸಾಯುತ್ತವೆ, ಮನೆಯವರ ಸಿಟ್ಟನ್ನು ತಾಳಿಕೊಳ್ಳಬೇಕಷ್ಟೆ. ಲ್ಯಾಮಿನೇಷನ್ ಮಾತ್ರ ಯಾರೂ ಮಾಡಿಸಬೇಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕು ಮತ್ತೆ ಬಿಡಿಸಲು ಬರುವುದಿಲ್ಲ.

ಅರಸಾಳಿನ ರೈಲು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗಾಗಿ ಅಲ್ಲಿಯೂ ಆಗುಂಬೆಯಲ್ಲಿಯೂ ಚಿತ್ರೀಕರಣ ನಡೆಸಿದ್ದರ ನೆನಪಿಗೆ ಅದು. ಅಲ್ಲಿಗೆ ಹೋದಾಗಲೆಲ್ಲ ನಾನು ಯೋಚಿಸುವುದು ಚಿತ್ರೀಕರಣ ನೋಡಲು ನಿಂತಿದ್ದ, ಕೆಲವೊಮ್ಮೆ ಕ್ಯಾಮೆರಾದ ಮುಂದೆಯೂ ನಡೆದುಹೋದ ಊರಿನವರ ಬಗ್ಗೆ. ಅವರ ಮನೆಗಳಲ್ಲಿ ಆ ದಿನಗಳ ಫೋಟೊ, ಚೀಟಿ, ಟಿಪ್ಪಣಿ ಏನಾದರೂ ಉಳಿದಿದ್ದರೆ ನಾನು ಕೊಳ್ಳಲು ಬರುವುದಿಲ್ಲ. ಸ್ಕ್ಯಾನ್ ಮಾಡಿಕೊಂಡು, ಹಿಂಬದಿಯಲ್ಲಿ ಯಾರು, ಎಲ್ಲಿ, ಯಾವಾಗ ಎಂದು ಮೆದು ಪೆನ್ಸಿಲಿನಲ್ಲಿ ಬರೆಯಲು ನಿಮ್ಮಿಂದಲೇ ಕೇಳಿ ತಿಳಿದು, ಅಂದೇ ಮರಳಿಸುತ್ತೇನೆ. ಯಕ್ಷಗಾನದ ಕ್ಯಾಸೆಟ್ಟುಗಳಿಗೂ ಇದೇ ಏರ್ಪಾಡು. ಅಟ್ಟ ಖಾಲಿ ಮಾಡುವವರು ಬಚ್ಚಲೊಲೆಗೆ ಹಾಕುವ ಮುನ್ನ ಒಂದು ಮಾತು ತಿಳಿಸಿದರೆ, ಮಳೆಯಿದ್ದರೂ ಬರುತ್ತೇನೆ.