ಎರಡಡಿ ಟ್ಯಾಂಕಿನಿಂದ ಮೂರಡಿಗೆ: ಬೇರು ಕತ್ತರಿಸಿದ ಮೇಲೆ

ದಿನ 1

ಕೊಪ್ಪದಲ್ಲಿ ಬಿಡದೆ ಮಳೆ, ಬೆಳಿಗ್ಗೆಯಿಂದ ಕರೆಂಟಿಲ್ಲ. ಅಕ್ವೇರಿಯಂ ಟ್ಯಾಂಕ್ ಬದಲಾಯಿಸಲು ಕೂತೆ. ಹಳೆ ಟ್ಯಾಂಕಿನಲ್ಲಿ ಅಮೆಜಾನ್ ಸ್ವೋರ್ಡ್ ಅನ್ನೋ ನೀರುಗಿಡ ಎರಡು ಇದ್ದವು. ಮೆಲ್ಲಗೆ ಅಲ್ಲಾಡಿಸಿ ಎತ್ತಿದರೆ ಬೇರು ಒಂದು ಮೊಳ ಉದ್ದ!

ಬಕೆಟ್ ನೀರಲ್ಲಿ ತೊಳೆದು ನೋಡಿದೆ. ಬಿಳಿ ಬೇರು ಗಟ್ಟಿಯಾಗಿತ್ತು. ಕಂದು ಬೇರನ್ನು ಉಗುರಲ್ಲಿ ಎಳೆದರೆ ಸಿಪ್ಪೆ ಜಾರಿ ಬಂತು, ಒಳಗೆ ದಾರದಂಥ ಎಳೆ ಮಾತ್ರ ಉಳಿಯಿತು. ಅದು ಸತ್ತ ಬೇರು. ಒಂದು ಗಿಡದಲ್ಲಿ ಅಂಥದ್ದನ್ನೆಲ್ಲ ಬುಡದಿಂದಲೇ ತೆಗೆದು, ಬಿಳಿ ಬೇರನ್ನು ಎರಡು ಇಂಚಿಗೆ ಕತ್ತರಿಸಿದೆ. ಇನ್ನೊಂದಕ್ಕೆ ಕತ್ತರಿ ಮುಟ್ಟಿಸಲಿಲ್ಲ, ವ್ಯತ್ಯಾಸ ನೋಡೋಣ ಅಂತ.

ಅಪ್ಪ ಪಕ್ಕದಲ್ಲೇ ನಿಂತಿದ್ದರು. "ಕಾಫಿ ಸಸಿಗೂ ಹಂಗೇ ಅಲ್ವಾ? ತಾಯಿ ಬೇರು ಸುತ್ತಿಕೊಂಡಿದ್ರೆ ತುದಿ ಕತ್ತರಿಸಿ ನೆಡ್ತೀವಿ. ಮಡಚಿ ನೆಟ್ರೆ ಗಿಡ ಏಳಲ್ಲ ಮಾರಾಯ" ಅಂದರು.

ಕತ್ತರಿಸದ ಗಿಡ ನೆಡುವಾಗ ಆ ಮಾತು ಚೆನ್ನಾಗಿ ಅರ್ಥ ಆಯ್ತು. ಗುಳಿ ಎಷ್ಟು ತೋಡಿದರೂ ಬೇರು ಮೇಲಕ್ಕೆ ತಿರುಗುತ್ತೆ, ಗಿಡ ತೇಲಿ ಬರುತ್ತೆ. ಮೂರು ಸಲ ನೆಟ್ಟೆ. ಕತ್ತರಿಸಿದ್ದು ಚಿಮಟದಲ್ಲಿ ಒಂದೇ ಸಲಕ್ಕೆ ಕೂತಿತು. ಎಲೆ ಹುಟ್ಟುವ ಬುಡ ಮಾತ್ರ ಮರಳಿನ ಮೇಲೇ ಇರಬೇಕು, ಹೂತರೆ ಕೊಳೆಯುತ್ತೆ.

ಜಾವಾ ಫರ್ನ್ ಮರಳಿಗೆ ಬೇಡ. ಕಲ್ಲಿಗೆ ದಾರದಲ್ಲಿ ಕಟ್ಟಿ ಇಟ್ಟೆ.

ದಿನ 6

ಕ್ರಿಪ್ಟೋಕೊರೈನ್ ಅನ್ನೋ ಇನ್ನೊಂದು ನೀರುಗಿಡದ ಎಲೆಗಳು ಕರಗುತ್ತಿವೆ. ಇದರ ಬೇರಿನ ತುದಿಯಷ್ಟೇ ಕತ್ತರಿಸಿದ್ದೆ. ಜಾಗ ಬದಲಾದರೆ ಈ ಗಿಡ ಹೀಗೆ ಮಾಡುವುದುಂಟು. ಗಾಬರಿಯಾಗಿ ಕಿತ್ತು ನೋಡಬೇಡಿ. ಲೋಳೆಯಾದ ಎಲೆ ತೆಗೆದೆ. ಬುಡ ಗಟ್ಟಿ ಇದೆ, ಸದ್ಯಕ್ಕೆ ಅಷ್ಟು ಸಾಕು. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇದರ ನೆಂಟರಿದ್ದಾರೆ. ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ನೀರಿಳಿದ ಮೇಲೂ ಬದುಕುವ ಗಿಡಗಳು. ಟ್ಯಾಂಕಿಗೆ ಅಂತ ಅವನ್ನು ಮಾತ್ರ ಕೀಳಬೇಡಿ.

ದಿನ 12

ಕತ್ತರಿಸಿದ ಸ್ವೋರ್ಡಿನದು ಗಾಜಿನ ಪಕ್ಕದಲ್ಲೇ ಹೊಸ ಬೇರು ಕಂಡಿತು! ಸೂಜಿಯಷ್ಟು ಸಣ್ಣ, ಬೆಳ್ಳಗೆ. ಟಾರ್ಚ್ ಹಿಡಿದು ತುಂಬಾ ಹೊತ್ತು ನೋಡಿದೆ.

ದಿನ 24

ಕತ್ತರಿಸಿದ್ದಕ್ಕೆ ಹೊರಗಿನ ಎರಡು ಎಲೆ ಹಳದಿಯಾಗಿ ಹೋದವು, ನಡುವಿನಿಂದ ಮೂರು ಹೊಸ ಎಲೆ ಬಂದಿವೆ. ಕತ್ತರಿಸದೇ ಇದ್ದದ್ದಕ್ಕೆ ಒಂದೇ ಎಲೆ, ಅದೂ ಸಣ್ಣದು. ಎರಡೇ ಗಿಡದಲ್ಲಿ ತೀರ್ಮಾನ ಹೇಳೋದು ಜಾಸ್ತಿ ಆಗುತ್ತೆ. ಆದರೆ ಕತ್ತರಿಸದ ಗಿಡ ಎತ್ತಿದಾಗ ತುರುಕಿದ್ದ ಬೇರಿನ ಗಂಟು ಕಪ್ಪಾಗಿ ನಾರುತ್ತಿತ್ತು. ಕೊಳೆತದ್ದನ್ನೆಲ್ಲ ತೆಗೆದು, ಉಳಿದದ್ದನ್ನು ಎರಡು ಇಂಚಿಗೆ ಕತ್ತರಿಸಿ, ಇವತ್ತು ಸಂಜೆ ಮತ್ತೆ ನೆಟ್ಟೆ.