ವಿಸ್ಬಿಯಿಂದ ಗ್ರುನ್‌ವಾಲ್ಡ್‌ಗೆ: ಕವಚ ಹೊತ್ತು ಬಾಲ್ಟಿಕ್ ದಾಟುವ ದಾರಿ

ಸ್ಟಾಕ್‌ಹೋಮಿನಿಂದ ಲೋಕಲ್ ರೈಲಿನಲ್ಲಿ ಗಂಟೆಯಷ್ಟು ಹೊತ್ತು ಹೋದರೆ ನೀನೆಸ್‌ಹಾಮ್ ಬಂದರು. ಅಲ್ಲಿಂದ ಗಾಟ್‌ಲ್ಯಾಂಡ್ ದ್ವೀಪದ ವಿಸ್ಬಿಗೆ ಹಡಗಿನಲ್ಲಿ ಮೂರು ಗಂಟೆ ಚಿಲ್ಲರೆ. ವಾಪಸ್ ಅದೇ ಬಂದರಿಗೆ ಬಂದು ಬೇರೆ ಹಡಗು ಹತ್ತಿದರೆ ರಾತ್ರಿ ಕಳೆದ ಮೇಲೆ ಪೋಲೆಂಡಿನ ಗ್ಡಾನ್ಸ್ಕ್. ಅಲ್ಲಿಂದ ಮಾಲ್‌ಬೋರ್ಕ್ ಕೋಟೆ, ಆಮೇಲೆ ಗ್ರುನ್‌ವಾಲ್ಡ್ ಬಯಲು. ಮಧ್ಯಯುಗದ ಕವಚ ಮಾಡಿ ತೊಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಕಾಣೆವು. ಒಂದು ತುದಿಯಲ್ಲಿ 1361ರಲ್ಲಿ ಮಣ್ಣು ಸೇರಿದ ಕವಚಗಳಿವೆ. ಇನ್ನೊಂದು ತುದಿಯಲ್ಲಿ ಪ್ರತಿ ಜುಲೈ ನಡುಭಾಗದಲ್ಲಿ 1410ರ ಯುದ್ಧವನ್ನು ಮತ್ತೆ ಆಡುವ ಬಯಲಿದೆ.

ಹೊರಡುವ ಮೊದಲು ತೂಕದ ಲೆಕ್ಕ. ಕಾದಾಟಕ್ಕೆ ಆಗುವಂಥ ಪೂರ್ತಿ ಕವಚ ಸಾಮಾನ್ಯವಾಗಿ 25ರಿಂದ 30 ಕಿಲೋ ತೂಗುತ್ತದೆ. ಮುಖಪಟ ಸೇರಿದ ಹೆಲ್ಮೆಟ್ 4–5, ಎದೆಬೆನ್ನಿನ ಭಾಗ 6–8, ಎರಡು ಕಾಲಿನದು 6–7, ತೋಳಿನದು 3–4, ಕೈಗವಚ ಒಂದೂವರೆಯಿಂದ ಎರಡು, ಒಳಗೆ ತೊಡುವ, ಹತ್ತಿ ತುಂಬಿ ದಪ್ಪಗೆ ಹೊಲಿದ ಹತ್ತಿಯಂಗಿ ಮೂರು ಕಿಲೋ. ವಿಮಾನದಲ್ಲಿ ಬರುವವರಿಗೆ ಹೆಚ್ಚಿನ ಕಡೆ ಒಂದು ಚೀಲಕ್ಕೆ 23 ಕಿಲೋ ಮಿತಿ, ಆದ್ದರಿಂದ ಒಂದೇ ದೊಡ್ಡ ಪೆಟ್ಟಿಗೆಯ ಆಸೆ ಬಿಡಬೇಕು. ಕಾಲು, ತೋಳು, ಕೈಗವಚ ಒಂದರಲ್ಲಿ. ಎದೆಯದು, ಹೆಲ್ಮೆಟ್ ಇನ್ನೊಂದರಲ್ಲಿ. ಕೈಗವಚದ ಬೆರಳುಗಳಿಗೆ ಹಳೆ ಕಾಲುಚೀಲ ತುರುಕಿ ಮಂಡಿಚಿಪ್ಪಿನ ಬೋಗುಣಿಯೊಳಗೆ ಕೂರಿಸಿದರೆ ತಗಡು ಜಜ್ಜುವುದಿಲ್ಲ. ಮುಖಪಟದ ತಿರುಗುಮೊಳೆ ಕಳಚಿ ಬೇರೆ ಪೊಟ್ಟಣ ಕಟ್ಟಬೇಕು, ಯಾಕೆಂದರೆ ಪ್ರಯಾಣದಲ್ಲಿ ಮೊದಲು ಕಾಣೆಯಾಗುವುದು ಅದೇ. ಕತ್ತಿ ಮೊಂಡಾಗಿದ್ದರೂ ಕ್ಯಾಬಿನ್ನಿಗೆ ಬಿಡುವುದಿಲ್ಲ, ಸುತ್ತಿಗೆಯನ್ನೂ ಬಿಡುವುದಿಲ್ಲ.

ವಿಸ್ಬಿಯಲ್ಲಿ ಮೂರೂವರೆ ಕಿಲೋಮೀಟರ್‌ನಷ್ಟು ಉದ್ದದ ಹಳೆಯ ಊರಗೋಡೆ ಇಂದಿಗೂ ಸುತ್ತಾಡುವಂತಿದೆ. ಗೋಡೆಯ ಹೊರಗೆ ಕೊರ್ಸ್‌ಬೆಟ್ನಿಂಗ್ ಎಂಬಲ್ಲಿ ಒಂದು ಕಲ್ಲುಶಿಲುಬೆ ನಿಂತಿದೆ. 1361ರ ಜುಲೈ 27ರಂದು ಡೆನ್ಮಾರ್ಕಿನ ದೊರೆ ವಾಲ್ಡೆಮಾರ್ ಅಟ್ಟರ್‌ಡಾಗ್‌ನ ಸೈನ್ಯ ದ್ವೀಪದ ರೈತರನ್ನು ಈ ಊರಬಾಗಿಲ ಹೊರಗೆ ಕೊಂದಿತು. ಒಳಗಿದ್ದ ಪಟ್ಟಣದವರು ಆಮೇಲೆ ಶರಣಾದರು. ಸತ್ತವರನ್ನು ಕವಚ ಕಳಚದೆಯೇ ದೊಡ್ಡ ಗುಂಡಿಗಳಲ್ಲಿ ಹೂಳಿದರು. ನಡುಬೇಸಿಗೆ, ಹೆಣಗಳ ರಾಶಿ. ಬಿಚ್ಚುತ್ತ ಕೂರುವ ಸ್ಥಿತಿ ಇದ್ದಿರಲಾರದು. 1905ರಿಂದ 1930ರವರೆಗೆ ಬಿಡಿಬಿಡಿಯಾಗಿ ನಡೆದ ಉತ್ಖನನದಲ್ಲಿ ಸಾವಿರಕ್ಕೂ ಹೆಚ್ಚು ಜನರ ಎಲುಬು ಸಿಕ್ಕವು, ಜೊತೆಗೆ ಇಪ್ಪತ್ತಕ್ಕೂ ಹೆಚ್ಚು ಎದೆಗವಚಗಳು. ಕೆಲವು ಗಾಟ್‌ಲ್ಯಾಂಡ್ ಮ್ಯೂಸಿಯಮ್ಮಿನಲ್ಲಿವೆ, ಕೆಲವು ಸ್ಟಾಕ್‌ಹೋಮಿನ ಇತಿಹಾಸ ಮ್ಯೂಸಿಯಮ್ಮಿನಲ್ಲಿ.

ಮ್ಯೂಸಿಯಮ್ಮಿನಲ್ಲಿ ಎಲ್ಲರೂ ಮೊದಲು ನಿಲ್ಲುವುದು ಉಂಗುರಜಾಲರಿ ಹೊದ್ದ ತಲೆಬುರುಡೆಯ ಮುಂದೆ. ನಿಲ್ಲಲಿ. ಆದರೆ ಕವಚ ಮಾಡುವವರು ಹೆಚ್ಚು ಹೊತ್ತು ಕಳೆಯಬೇಕಾದದ್ದು ತುಕ್ಕು ಹಿಡಿದ ತಗಡುಗಳ ಮುಂದೆ. ಈ ಕವಚಗಳಲ್ಲಿ ತಗಡು ಒಳಗೆ, ಚರ್ಮ ಅಥವಾ ಬಟ್ಟೆ ಹೊರಗೆ, ಎರಡನ್ನೂ ಹಿಡಿದದ್ದು ರಿವೆಟ್, ಅಂದರೆ ತೂತಿನಲ್ಲಿ ತೂರಿಸಿ ತುದಿ ಬಡಿದು ಕೂರಿಸುವ ಗಿಡ್ಡ ಮೊಳೆ. ಹೊರಹೊದಿಕೆ ಕೊಳೆತುಹೋದರೂ ರಿವೆಟ್ ಸಾಲು ತಗಡಿನಲ್ಲೇ ಉಳಿದಿದೆ. ಅದನ್ನು ಓದಿಯೇ ಪುರಾತತ್ವಜ್ಞ ಬೆಂಗ್ಟ್ ಥೋರ್ಡೆಮಾನ್ ಯಾವ ತಗಡು ಎಲ್ಲಿತ್ತೆಂದು ಕಂಡುಕೊಂಡು ಕವಚಗಳನ್ನು ಬಗೆಬಗೆಯಾಗಿ ವಿಂಗಡಿಸಿದ. ದೊಡ್ಡ ತಗಡಿನ ಮಾದರಿಯಲ್ಲಿ ತಲೆಯ ಮೇಲಿಂದ ಇಳಿಬಿಟ್ಟು, ಎರಡು ಪಕ್ಕದ ಭಾಗಗಳನ್ನು ಬೆನ್ನಿಗೆ ಸುತ್ತಿ ಅಲ್ಲಿ ಬಾರು ಕಟ್ಟುತ್ತಾರೆ. ಹೊಸಬರು ಮೊದಲ ಕವಚವಾಗಿ ಇದನ್ನೇ ಮಾಡುತ್ತಾರೆ, ಯಾಕೆಂದರೆ ಬೋಗುಣಿ ಆಕಾರಕ್ಕೆ ಬಡಿಯುವ ಕೆಲಸ ಕಡಿಮೆ. ತಗಡನ್ನು ಪೈಪಿನ ಮೇಲೆ ಬಾಗಿಸಿದರೆ ಸಾಕು.

ಕೆಡುವುದು ಅಳತೆಯಲ್ಲಿ. ಬರಿಮೈಗೆ ಅಳತೆ ತೆಗೆದ ಕವಚ ಹತ್ತಿಯಂಗಿಯ ಮೇಲೆ ಕೂರುವುದಿಲ್ಲ. ಆದ್ದರಿಂದ ಮೊದಲು ಹತ್ತಿಯಂಗಿ ಹೊಲಿಸಿ, ಒಮ್ಮೆ ಒಗೆದು ಕುಗ್ಗಿಸಿ, ಆಮೇಲೆ ಅದರ ಮೇಲೆ ರಟ್ಟಿನ ಮಾದರಿ ಕಟ್ಟಬೇಕು. ರಟ್ಟು ತೊಟ್ಟು ಕುಕ್ಕರುಗಾಲಲ್ಲಿ ಕೂರಬೇಕು, ಎರಡು ಕೈಯನ್ನೂ ಎದೆಯ ಮುಂದೆ ಅಡ್ಡ ತರಬೇಕು, ನೆಲದ ಮೇಲಿನ ಕತ್ತಿ ಎತ್ತಬೇಕು. ಕಂಕುಳಲ್ಲಿ ರಟ್ಟು ಮಡಿಸಿಕೊಂಡ ಜಾಗದಲ್ಲಿ ಉಕ್ಕು ಮಾಂಸಕ್ಕೆ ಒತ್ತುತ್ತದೆ. ಅಲ್ಲಿ ಕತ್ತರಿ ಆಡಿಸಬೇಕು. ಗಟ್ಟಿ ಭಾಗ ಸೊಂಟ ಸಣ್ಣದಾಗುವ ಜಾಗಕ್ಕೇ ಮುಗಿಯಬೇಕು. ಎರಡು ಬೆರಳು ಕೆಳಗಿಳಿದರೂ ಕೂತಾಗ ತೊಡೆ ತಗಡನ್ನು ಮೇಲಕ್ಕೆ ನೂಕಿ ಗಂಟಲಿಗೆ ತಂದಿಡುತ್ತದೆ. ತಗಡು ತಗಡಿನ ಮೇಲೆ 15–20 ಮಿಲಿಮೀಟರ್ ಹಾಯ್ದಿರಬೇಕು. ಕಡಿಮೆಯಾದರೆ ಬಗ್ಗಿದಾಗ ಸಂದು ಬಿಡುತ್ತದೆ, ಜಾಸ್ತಿಯಾದರೆ ಬಗ್ಗಲು ಬಿಡುವುದಿಲ್ಲ.

ದಪ್ಪದ ವಿಷಯದಲ್ಲಿ ಭಯಕ್ಕಿಂತ ಲೆಕ್ಕ ನಂಬುವುದು ವಾಸಿ. 1 ಮಿಮೀ ದಪ್ಪದ ಉಕ್ಕು ಒಂದು ಚದರ ಮೀಟರಿಗೆ 7.85 ಕಿಲೋ. ಹಾಯ್ದ ಅಂಚುಗಳೂ ಸೇರಿ ಎದೆಬೆನ್ನಿಗೆ ಸುಮಾರು 0.6 ಚದರ ಮೀಟರ್ ಹಿಡಿದರೆ 1 ಮಿಮೀಗೆ 4.7 ಕಿಲೋ, 1.5 ಮಿಮೀಗೆ 7.1. ಅರ್ಧ ಮಿಲಿಮೀಟರಿನ ಧೈರ್ಯಕ್ಕೆ ಎರಡು ಕಿಲೋ ಮೀರಿದ ತೆರಿಗೆ. ಮೆದು ಉಕ್ಕಾದರೆ 1.5 ಬೇಕು. ಹದ ಹಾಕಿದ (ಕಾಯಿಸಿ ತಣಿಸಿ ಗಟ್ಟಿ ಮಾಡಿದ) ಸ್ಪ್ರಿಂಗ್ ಉಕ್ಕಾದರೆ 1 ಸಾಕು, ಆದರೆ ತೂತುಗಳನ್ನೆಲ್ಲ ಹದ ಹಾಕುವ ಮೊದಲೇ ಕೊರೆದು, ತೂತಿನ ಬಾಯಲ್ಲಿ ಏಳುವ ಚೂಪು ಮುಳ್ಳನ್ನು ಅರದಿಂದ ತೆಗೆದಿರಬೇಕು. ಹದವಾದ ಮೇಲೆ ಸಾಮಾನ್ಯ ಡ್ರಿಲ್ ಬಿಟ್ ಇಳಿಯುವುದಿಲ್ಲ. ಮುಳ್ಳು ಬಿಟ್ಟ ತೂತಿನ ಬಾಯಿಂದಲೇ ಬಿರುಕು ಹೊರಡುತ್ತದೆ.

ರಿವೆಟ್ಟಿಗೆ ಬರೋಣ, ವಿಸ್ಬಿಯ ಪಾಠವೇ ಅದು. 3 ಮಿಮೀ ಚರ್ಮ, 1.2 ಮಿಮೀ ತಗಡು ಸೇರಿ 4.2. ರಿವೆಟ್ 4 ಮಿಮೀ ದಪ್ಪದ್ದಾದರೆ ಬಡಿಯಲು ಹೊರಗೆ 3ರಿಂದ 4 ಮಿಮೀ ಉಳಿಯಬೇಕು. ಅಂದರೆ ರಿವೆಟ್ಟಿನ ಕಾಲು, ತಲೆಯ ಕೆಳಗಿನ ಕಡ್ಡಿ, ಒಟ್ಟು 8 ಮಿಮೀ. ಹೆಚ್ಚು ಉಳಿದರೆ ತಲೆ ಕೂರುವ ಬದಲು ಕಾಲು ಓರೆಯಾಗಿ ಮಲಗುತ್ತದೆ. ಕಡಿಮೆಯಾದರೆ ಮೊದಲ ಏಟಿಗೆ ಕಿತ್ತು ಬರುತ್ತದೆ. ತೂತು 4.2 ಮಿಮೀ ಇರಲಿ. ಅವಸರಕ್ಕೆ 5 ಮಿಮೀ ಕೊರೆದರೆ ರಿವೆಟ್ ಒಳಗೆ ಅಲ್ಲಾಡುತ್ತ ಚರ್ಮವನ್ನು ಗರಗಸದ ಹಾಗೆ ತಿನ್ನುತ್ತದೆ. ಹೊರಗಿನ ತಲೆ ಅಗಲವಾಗಿರಬೇಕು, ಇಲ್ಲವಾದರೆ ಚರ್ಮವೇ ತಲೆಯನ್ನು ನುಂಗುತ್ತದೆ. ಬಾರು ಸೇರುವ ಕಡೆ ಚರ್ಮದ ಬದಿಗೊಂದು ವಾಷರ್ ತಪ್ಪಿಸಬಾರದು. ಸಾಮಾನ್ಯ ಮೊಳೆ ಕತ್ತರಿಸಿ ರಿವೆಟ್ ಮಾಡುವವರು ಅದನ್ನು ಕೆಂಪಗೆ ಕಾಯಿಸಿ ನಿಧಾನ ಆರಿಸಬೇಕು. ಮೆತ್ತಗಾಗದ ಮೊಳೆಯ ತಲೆ ಬಡಿಯುವಾಗಲೇ ಸೀಳುತ್ತದೆ.

ಎಲುಬುಗಳು ಹೇಳುವುದು ಬೇರೆ. ವಿಸ್ಬಿಯಲ್ಲಿ ಸತ್ತವರ ಮಂಡಿಯ ಕೆಳಗಿನ ಎಲುಬುಗಳಲ್ಲಿ ಕತ್ತಿಯೇಟಿನ ಗುರುತು ಹೇರಳ. ಎದೆಗೆ ತಗಡು ಇತ್ತು, ಎಡಗೈಯಲ್ಲಿ ಗುರಾಣಿ ಇತ್ತು ಅಂದುಕೊಂಡರೂ ಕಣಕಾಲು ಬಯಲಲ್ಲಿತ್ತು. ಇಂದಿನ ಕಾದಾಟದ ನಿಯಮಗಳಲ್ಲಿ ಮಂಡಿಯ ಹಿಂಬದಿಗೂ ಪಾದಕ್ಕೂ ಹೊಡೆಯುವಂತಿಲ್ಲ. ಹಾಗೆಂದು ಕಾಲಿನ ಕವಚಕ್ಕೆ ಕೊನೆಯ ಗಮನ ಕೊಡುವುದು ತಪ್ಪು. ಅದರಲ್ಲಿ ಎಲ್ಲವೂ ನಿಂತಿರುವುದು ಮಂಡಿಯ ತಿರುಗುಮೊಳೆಯ ಮೇಲೆ. ಮೊಳೆ ನಿಮ್ಮ ಮಂಡಿಕೀಲಿಗೆ ಸಮನಾಗಿರಬೇಕು. ಎರಡು ಸೆಂಟಿಮೀಟರ್ ಕೆಳಗಿದ್ದರೂ ಕಾಲು ಮಡಿಸಿದಾಗಲೆಲ್ಲ ತೊಡೆತಗಡು ಮಾಂಸವನ್ನು ಹಿಡಿದು ಚಿವುಟುತ್ತದೆ. ಇಡೀ ಕಾಲಿನ ಕವಚವನ್ನು ಹೆಗಲಿಗೆ ನೇತುಹಾಕದೆ, ನಡುವಿಗೆ ಬಿಗಿಯಾಗಿ ಕೂತ ಒಳಕುಪ್ಪಸಕ್ಕೆ ಲಾಡಿಯಿಂದ ಕಟ್ಟಬೇಕು. ಆಗ ತೂಕ ಸೊಂಟದೆಲುಬಿನ ಮೇಲೆ ಕೂರುತ್ತದೆ, ಉಸಿರಿಗೆ ಎದೆ ಬಿಡುವಾಗುತ್ತದೆ.

ಹಡಗಿನ ರಾತ್ರಿಗಳಲ್ಲಿ ಕೆಲಸ ಒಂದೇ: ತುಕ್ಕಿನ ಕಾವಲು. ಉಪ್ಪುಗಾಳಿಗೆ ಬರಿ ಉಕ್ಕು ಬೆಳಗಾಗುವುದರೊಳಗೆ ಕೆಂಪು ಚುಕ್ಕೆ ಹಿಡಿಯುತ್ತದೆ. ಡಬ್ಲ್ಯುಡಿ-40 ಎಂಬ ಸ್ಪ್ರೇ ನೀರು ಓಡಿಸುತ್ತದೆ, ಹೆಚ್ಚು ದಿನ ಕಾಯುವುದಿಲ್ಲ. ಅದನ್ನು ಒರೆಸಿ ಮೇಲೆ ತೆಳ್ಳಗೆ ಮೇಣವನ್ನೋ ಗಟ್ಟಿ ಎಣ್ಣೆಯನ್ನೋ ಹಚ್ಚಬೇಕು. ಚರ್ಮ ತಾಗುವ ಒಳಬದಿಯನ್ನು ಮರೆಯುವವರೇ ಹೆಚ್ಚು. ತೊಗಟೆಯಿಂದ ಹದ ಮಾಡಿದ ಚರ್ಮದಲ್ಲಿ ಹುಳಿ ಇರುತ್ತದೆ. ಬೆವರು ಸೇರಿದರೆ ರಿವೆಟ್ಟಿನ ಸುತ್ತ ತಗಡು ಕಪ್ಪಾಗಿ ಸವೆಯಲು ಶುರು. ಕವಚ ಕಟ್ಟುವ ಮೊದಲೇ ತಗಡಿನ ಒಳಮೈಗೆ ಬಣ್ಣ ಬಳಿದವರಿಗೆ ಈ ಕಾಟವಿಲ್ಲ.

ಗ್ಡಾನ್ಸ್ಕಿನಿಂದ ಮಾಲ್‌ಬೋರ್ಕ್ ರೈಲಿನಲ್ಲಿ ಗಂಟೆಯೊಳಗಿನ ದಾರಿ. ನೊಗಾಟ್ ನದಿಯ ದಡದ ಈ ಕೆಂಪಿಟ್ಟಿಗೆಯ ಕೋಟೆ 1309ರಿಂದ ಟ್ಯೂಟಾನಿಕ್ ಪಂಗಡದ, ಅಂದರೆ ಜರ್ಮನ್ ಕ್ರೈಸ್ತ ಯೋಧ-ಸನ್ಯಾಸಿಗಳ, ರಾಜಧಾನಿಯಾಗಿತ್ತು. ಇದೇ ಪಂಗಡ 1398ರಲ್ಲಿ ಗಾಟ್‌ಲ್ಯಾಂಡನ್ನೂ ಹಿಡಿದು ಹತ್ತು ವರ್ಷ ಇಟ್ಟುಕೊಂಡಿತ್ತು, ಹಾಗಾಗಿ ನಾವು ಬಂದ ಸಮುದ್ರದಾರಿ ಅವರದೂ ಹೌದು. ಕೋಟೆ ನೋಡಲು ಅರ್ಧ ದಿನ ಬೇಕು, ಆಯುಧಗಳ ಸಂಗ್ರಹವೂ ಉಂಟು. ಜುಲೈಯಲ್ಲಿ ಮುತ್ತಿಗೆಯ ಮರುನಟನೆ ನಡೆಯುವಾಗ ಜನಜಂಗುಳಿ. ಶಾಂತವಾಗಿ ನೋಡಬೇಕೆನ್ನುವವರು ಆ ವಾರಾಂತ್ಯ ಬಿಡುವುದು ಒಳ್ಳೆಯದು.

ಇಲ್ಲಿಂದ ಗ್ರುನ್‌ವಾಲ್ಡ್ ರಸ್ತೆಯಲ್ಲಿ ನೂರು ಕಿಲೋಮೀಟರ್ ಮೀರುತ್ತದೆ. ಕವಚ ಹೊತ್ತವರಿಗೆ ವ್ಯಾನೇ ಗತಿ. 1410ರ ಜುಲೈ 15ರಂದು ಪೋಲೆಂಡಿನ ದೊರೆ ಯಾಗೆಲ್ಲೋ ಮತ್ತು ಲಿಥುವೇನಿಯಾದ ವಿಟೌಟಸ್ ಸೇರಿ ಟ್ಯೂಟಾನಿಕ್ ಸೈನ್ಯವನ್ನು ಮುರಿದದ್ದು ಇಲ್ಲಿ. ಆ ಪಂಗಡದ ಮುಖ್ಯಸ್ಥ ಉಲ್ರಿಖ್ ಫಾನ್ ಯುಂಗಿಂಗೆನ್ ಸತ್ತದ್ದೂ ಇಲ್ಲೇ. ಶಿಬಿರಕ್ಕೆ ಹೋಗುವ ಮೊದಲು ಒಂದು ಮಾತು: ವಿಸ್ಬಿಯ ಎದೆಗವಚ ಇಲ್ಲಿಗೆ ಅರ್ಧ ಶತಮಾನ ಹಳತು. 1361ರಲ್ಲೇ ಅದು ಹಳೆಯ ಫ್ಯಾಷನ್. 1410ಕ್ಕೆ ಬೇಕಾದದ್ದು ಉಬ್ಬಿದ ಎದೆತಗಡು, ಗಂಟೆಯಾಕಾರದ ಮಣಿಕಟ್ಟಿನ ಕೈಗವಚ, ಹಂದಿಮೂತಿಯಂತೆ ಚೂಪಾದ ಮುಖಪಟದ ಬ್ಯಾಸಿನೆಟ್ ಹೆಲ್ಮೆಟ್. ಪರಿಶೀಲಕರು ಕಣ್ಣು ಮುಚ್ಚಿಕೊಂಡಿರುವುದಿಲ್ಲ. ಪ್ಲಾಸ್ಟಿಕ್ ಬಕಲ್, ಕೈಗಡಿಯಾರ, ಕ್ರೀಡಾಬೂಟು ಇವೆಲ್ಲ ಗುಡಾರದಲ್ಲೇ ಉಳಿಯಬೇಕು.

ಹೆಲ್ಮೆಟ್ಟನ್ನು ಹಿಂದಿನ ದಿನವೇ ಪರೀಕ್ಷಿಸಬೇಕು. ನೆತ್ತಿಯ ತಗಡು ಕನಿಷ್ಠ 2 ಮಿಮೀ, ತಲೆಗೂ ಉಕ್ಕಿಗೂ ನಡುವೆ ಎರಡು ಸೆಂಟಿಮೀಟರಿನಷ್ಟಾದರೂ ಮೆತ್ತೆ. ಗದ್ದದ ಪಟ್ಟಿ ಬಿಗಿದು ತಲೆಯನ್ನು ಎಡಕ್ಕೂ ಬಲಕ್ಕೂ ಜೋರಾಗಿ ತಿರುಗಿಸಿದಾಗ ಕಣ್ಣಸೀಳು ಕಣ್ಣಿನ ಎದುರೇ ಇದ್ದರೆ ಸರಿ, ಕಿವಿಯ ಕಡೆ ಸರಿದರೆ ಮೆತ್ತೆ ಸಡಿಲ. ಹೆಲ್ಮೆಟ್ಟನ್ನು ಹಿಂದಿನಿಂದ ಎತ್ತಿ ಮುಂದಕ್ಕೆ ಕಳಚಲು ಗೆಳೆಯನಿಗೆ ಹೇಳಿ. ಕಳಚಿ ಬಂದರೆ ಪಟ್ಟಿ ಒಂದು ಸಾಲದು. ದವಡೆಯ ಹಿಂದೆ ಮುಂದೆ ಎರಡು ಕಡೆಯಿಂದ ಹೊರಟು ಗದ್ದದ ಕೆಳಗೆ ಸೇರುವ ಪಟ್ಟಿ ಬೇಕು. ಕುತ್ತಿಗೆಯ ಉಂಗುರಜಾಲರಿಯಲ್ಲಿ ಒಂದೊಂದು ಉಂಗುರವೂ ನಾಲ್ಕನ್ನು ಹಿಡಿದಿರುತ್ತದೆ. ರಿವೆಟ್ ಹಾಕದ, ಬರಿದೇ ತುದಿ ಕೂಡಿಸಿದ ಉಂಗುರ ಕಾದಾಟಕ್ಕೆ ನಿಲ್ಲದು, ಬಾಯಿ ಬಿಟ್ಟು ಉದುರುತ್ತದೆ.

ತೊಡುವುದು ಕೆಳಗಿನಿಂದ ಮೇಲಕ್ಕೆ. ಕಾಲುಡುಗೆ, ಪಾದರಕ್ಷೆ, ಹತ್ತಿಯಂಗಿ, ಕಾಲಿನ ಕವಚ, ಎದೆ, ತೋಳು, ಆಮೇಲೆ ಹೆಲ್ಮೆಟ್, ಕೊನೆಗೆ ಕೈಗವಚ. ಎದೆ ಮೊದಲು ತೊಟ್ಟರೆ ಬಗ್ಗಿ ಕಾಲಿನ ಬಾರು ಕಟ್ಟಲಾಗದು. ಬೆನ್ನಿನ ಬಕಲ್ಲಿಗೆ ಇನ್ನೊಬ್ಬರ ಕೈ ಬೇಕೇಬೇಕು. ಬಾರುಗಳನ್ನು ಕಟ್ಟಿದ ಮೇಲೆ ಹತ್ತು ಹೆಜ್ಜೆ ಓಡಿ, ಕುಣಿದು, ಮತ್ತೊಮ್ಮೆ ಬಿಗಿಯಬೇಕು; ಹತ್ತಿ ಅಮುಕಿಕೊಂಡು ಎಲ್ಲ ಬಾರುಗಳಿಗೂ ಒಂದೊಂದು ತೂತಿನಷ್ಟು ಸಡಿಲ ಬಂದಿರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಕಾದಾಟದ ನಡುವೆ ಹೊರಬರುವವರಲ್ಲಿ ಹೆಚ್ಚಿನವರನ್ನು ಹೊರಗೆ ತರುವುದು ಕತ್ತಿಯಲ್ಲ, ಹರಿದ ಬಾರು. ಆದ್ದರಿಂದ ಅಂಚಿನಲ್ಲಿ ನಿಂತವರ ಬಳಿ ಒಂದಿಷ್ಟು ಬಾರು, ಹತ್ತಾರು ರಿವೆಟ್, ವಾಷರ್, ಸುತ್ತಿಗೆ, ಸಣ್ಣ ಉಕ್ಕಿನ ದಿಮ್ಮಿ, ಗಟ್ಟಿ ಲಾಡಿ ಇರಲಿ.

ಆ ಬಯಲಿನಲ್ಲಿ ಮರದ ನೆರಳು ದೂರ. ಯಾಗೆಲ್ಲೋ ತನ್ನವರನ್ನು ಕಾಡಿನ ನೆರಳಲ್ಲಿ ನಿಲ್ಲಿಸಿ, ಎದುರಾಳಿಯನ್ನು ಬಿಸಿಲಲ್ಲಿ ಕಾಯಿಸಿದ ಎಂದು ಹೇಳುವವರಿದ್ದಾರೆ. ಜುಲೈ ಬಿಸಿಲಲ್ಲಿ ಹೆಲ್ಮೆಟ್ ಹಾಕಿ ಸರದಿ ಕಾದವರಿಗೆ ಅದನ್ನು ನಂಬಲು ಸಾಕ್ಷಿ ಬೇಕಾಗದು. ಬಾಯಾರುವ ಮೊದಲೇ ನೀರು, ಜೊತೆಗೆ ಉಪ್ಪು. ಮುಖಪಟ ಎತ್ತಿದರೆ ಸಾಲದು. ಸರದಿಗಳ ನಡುವೆ ಹೆಲ್ಮೆಟ್ ತೆಗೆಯಬೇಕು, ಕೈಗವಚ ತೆಗೆದು ಮಣಿಕಟ್ಟಿಗೆ ನೀರು ಹೊಯ್ಯಬೇಕು. ತಲೆಸುತ್ತು, ವಾಕರಿಕೆ, ಬಿಸಿಲಲ್ಲೂ ಮೈನಡುಕ, ಮಾತು ತೊದಲುವುದು, ಇದರಲ್ಲಿ ಯಾವುದು ಕಂಡರೂ ಆ ದಿನದ ಆಟ ಮುಗಿಯಿತು. ಬಕಲ್ ಬಿಚ್ಚಲು ತಡವಾದರೆ ಬಾರು ಕತ್ತರಿಸಿ ಬಿಡಬೇಕು. ಅದಕ್ಕೆಂದೇ ಗಟ್ಟಿ ಕತ್ತರಿಯೊಂದು ಮೇಲೆ ಹೇಳಿದ ಸಾಮಾನಿನ ಚೀಲದಲ್ಲಿರಬೇಕು.

ಸಂಜೆ ಕವಚವನ್ನು ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆ ಹಚ್ಚಿ, ಬಾರುಗಳನ್ನು ನೆರಳಲ್ಲಿ ತೂಗುಹಾಕಬೇಕು. ಒದ್ದೆ ಚರ್ಮವನ್ನು ಬೆಂಕಿಯ ಹತ್ತಿರ ಒಣಗಿಸಿದರೆ ಮುಂದಿನ ಸಲ ಬಕಲ್ಲಿನ ತೂತಿನಲ್ಲೇ ಸೀಳುತ್ತದೆ. ಹತ್ತಿಯಂಗಿ ಮಾತ್ರ ಒಂದು ರಾತ್ರಿಯಲ್ಲಿ ಒಣಗುವುದಿಲ್ಲ. ಬೆವರು ಕುಡಿದ ಅದು ಬರುವಾಗ ಇದ್ದದ್ದಕ್ಕಿಂತ ಭಾರವಾಗಿರುತ್ತದೆ, ಮೊದಲೇ ಅಂಚಿನಲ್ಲಿದ್ದ 23 ಕಿಲೋದ ಚೀಲ ವಿಮಾನನಿಲ್ದಾಣದ ತಕ್ಕಡಿಯಲ್ಲಿ ಮಿತಿ ಮೀರುವುದು ಅದರಿಂದಲೇ. ವಾಪಸು ಟಿಕೆಟ್ಟನ್ನು ಮಾರನೆಯ ದಿನಕ್ಕೆ ತೆಗೆಸದೆ, ಗ್ಡಾನ್ಸ್ಕಿನಲ್ಲಿ ಒಂದು ಬಿಸಿಲು ದಿನ ಅಂಗಿಗಾಗಿಯೇ ಇಟ್ಟುಕೊಳ್ಳಿ.